ತಳದಲ್ಲಿ ಹರಳುಗಟ್ಟಿದ ಜೇನು

ಸುಳ್ಯದ ಕಡೆಯ ಒಬ್ಬ ಅಜ್ಜ ನಮ್ಮ ಮನೆಗೆ ವರ್ಷವೂ ತುಡುವೆ ಜೇನು ತಂದು ಕೊಡುತ್ತಿದ್ದರು. ಕಳೆದ ವರ್ಷ ಕೊಟ್ಟ ಜೇನು ತಿಂಗಳೊಳಗೆ ಬಾಟಲಿಯ ಅರ್ಧದವರೆಗೆ ಸಕ್ಕರೆಯಂತೆ ಹರಳುಗಟ್ಟಿತು. ಪಾಕ ಬೆರೆಸಿದ್ದಾರೆಂದೇ ತಿಳಿದು ಅದನ್ನು ಚೆಲ್ಲಿಬಿಟ್ಟೆ. ಮತ್ತೊಮ್ಮೆ ಬಂದಾಗ ಮುಖಕ್ಕೆ ಹೊಡೆದಂತೆ ಹೇಳಿಯೂ ಹೇಳಿದೆ. "ಅದು ರಬ್ಬರಿನ ಜೇನಮ್ಮಾ, ಹಾಗೆಯೇ ಆಗುವುದು" ಎಂದಷ್ಟೇ ಹೇಳಿ ಅವರು ಹೊರಟುಹೋದರು.

ಅದೇ ಕಪಾಟಿನಲ್ಲಿ ಭಾವ ಗಲ್ಫಿನಿಂದ ತಂದ ಸಿದ್ರ್ ಜೇನು ಇತ್ತು. ವರ್ಷ ಕಳೆದರೂ ಒಂದು ಹರಳಿಲ್ಲ. "ಅಸಲಿ ಅಂದರೆ ಇದು" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಎರಡೂ ಅಸಲಿಯೇ. ಸಿದ್ರ್ ಎಂದರೆ ನಮ್ಮ ಬೋರೆಹಣ್ಣಿನ ಗಿಡದ ಹತ್ತಿರದ ಬಂಧು, ಮುಳ್ಳಿನ ಮರ. ಯೆಮನಿನ ಹದ್ರಮೌತ್ ಪ್ರದೇಶದ ದೋಆನ್ ಕಣಿವೆಯ ಸಿದ್ರ್ ಜೇನಿಗೆ ದೊಡ್ಡ ಹೆಸರು. ಮಳೆ ಬಿದ್ದಲ್ಲಿ ಹೂವು, ಹೂವಿದ್ದಲ್ಲಿಗೆ ಜೇನುಗಾರರು. ಗೂಡುಗಳನ್ನು ಲಾರಿಗೆ ಹೇರಿ ಕಣಿವೆಯಿಂದ ಕಣಿವೆಗೆ ಅಲೆಯುತ್ತಾರೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಸಿದ್ರ್ ಅರಳುತ್ತದೆ. ಯುದ್ಧ ಶುರುವಾದ ಮೇಲೆ ಈ ಅಲೆದಾಟವೇ ಅವರಿಗೆ ಅಪಾಯದ ಕೆಲಸವಾಯಿತು. ಆ ಜೇನು ದಪ್ಪ, ಕಂದು ಬಣ್ಣ. ಬಾಯಿಗಿಟ್ಟರೆ ಬೆಣ್ಣೆಯಲ್ಲಿ ಬೆಲ್ಲ ಕಾಯಿಸಿದಂಥ ರುಚಿ.

ರಬ್ಬರಿನದು ಇನ್ನೂ ವಿಚಿತ್ರ. ಅದು ಹೂವಿನ ಜೇನೇ ಅಲ್ಲ! ಎಲೆ ಉದುರಿ ಜನವರಿಯಿಂದ ಮಾರ್ಚ್‌ವರೆಗೆ ಹೊಸ ಚಿಗುರು ಬರುವಾಗ, ಮೂರು ಎಲೆಗಳು ಕೂಡುವ ತೊಟ್ಟಿನ ತುದಿಯಲ್ಲಿ ಸಿಹಿ ರಸ ಒಸರುತ್ತದೆ. ತುಡುವೆಗಳು ಅದನ್ನೇ ಹೀರುತ್ತವೆ. ಈ ಜೇನಿನಲ್ಲಿ ಗ್ಲೂಕೋಸ್ ಹೆಚ್ಚು, ಹಾಗಾಗಿ ಬೇಗ ಹರಳುಗಟ್ಟುತ್ತದೆ. ಸಿದ್ರ್‌ನಲ್ಲಿ ಫ್ರಕ್ಟೋಸ್ ಹೆಚ್ಚು, ಬಹುಕಾಲ ತೆಳ್ಳಗೇ ಉಳಿಯುತ್ತದೆ. ನಾನು ಮೋಸ ಎಂದುಕೊಂಡದ್ದು ಇಷ್ಟೇ. ಆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟಿದ್ದರೆ ಸಾಕಿತ್ತು. ಒಲೆಯ ಮೇಲಿಟ್ಟು ಕುದಿಸಿದರೆ ಮಾತ್ರ ಪರಿಮಳ ಹೋಗುತ್ತದೆ.

ಹಾಗಾದರೆ ಒಂದೇ ಹೂವಿನದೆಂದು ಹೇಳುವುದು ಹೇಗೆ? ಜೇನುನೊಣ ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ಹೂ ಬಿಡುವ ಮೊದಲು ಹಳೆಯ ಜೇನು ತೆಗೆದು, ಹೂ ಮುಗಿಯುತ್ತಲೇ ಹೊಸತನ್ನು ತೆಗೆದರೆ ಅದು ಬಹುಪಾಲು ಆ ಹೂವಿನದೇ. ಪೂರ್ತಿ ಶುದ್ಧ ಎಂಬುದು ಇರುವುದಿಲ್ಲ, ಬೇಲಿಯಾಚೆಯ ಹೂವಿಗೂ ನೊಣ ಹೋಗುತ್ತದಲ್ಲ! ನೇರಳೆ ಹೂವಿನ ಜೇನು ತುಸು ಕಹಿ. ಕಹಿ ಎಂದು ಅದನ್ನೂ ಚೆಲ್ಲುವವರಿದ್ದಾರೆ. ನೀರಿಗೆ ಒಂದು ಹನಿ ಬಿಟ್ಟು ಪರೀಕ್ಷಿಸುವುದನ್ನು ನಾನೂ ಮಾಡುತ್ತಿದ್ದೆ. ಆದರೆ ಗಟ್ಟಿ ಸಕ್ಕರೆ ಪಾಕವೂ ನೀರಿನಲ್ಲಿ ಜೇನಿನಂತೆಯೇ ತಳಕ್ಕಿಳಿಯುತ್ತದೆ.

ಆ ಅಜ್ಜ ಈ ವರ್ಷ ಇನ್ನೂ ನಮ್ಮ ಬೀದಿಗೆ ಬಂದಿಲ್ಲ. ಬಂದರೆ ನಮ್ಮಲ್ಲಿಗೆ ಕಳುಹಿಸಿ ಎಂದು ಪಕ್ಕದ ಮನೆಯವರಲ್ಲಿ ಹೇಳಿಟ್ಟಿದ್ದೇನೆ.