ಕೋಳಿಮರಿಗಳ ಪರೀಕ್ಷೆಯಲ್ಲಿ ಆತುರ ಸಲ್ಲದು

ಕಾವಿನಿಂದೆದ್ದ ಕೋಳಿಯು ಹತ್ತು ಹನ್ನೆರಡು ಮರಿಗಳೊಡನೆ ಹಿತ್ತಲಿಗಿಳಿದ ದಿನವೇ, ಅವುಗಳಲ್ಲಿ ಹುಂಜಗಳೆಷ್ಟು, ಹೇಟೆಗಳೆಷ್ಟು ಎಂಬ ಲೆಕ್ಕವು ಮನೆಯಲ್ಲಿ ಆರಂಭವಾಗುವುದು ವಾಡಿಕೆ. ಉದ್ದನೆಯ ಮೊಟ್ಟೆಯಲ್ಲಿ ಹುಂಜವೂ ಗುಂಡಗಿನ ಮೊಟ್ಟೆಯಲ್ಲಿ ಹೇಟೆಯೂ ಹುಟ್ಟುವುದೆಂದು ನಂಬಿರುವವರು ಹಲವರು. ಕಾಲು ಹಿಡಿದೆತ್ತಿದಾಗ ಒದ್ದಾಡಿದ ಮರಿಯು ಹುಂಜವೆಂದೂ, ಸುಮ್ಮನಿದ್ದುದು ಹೇಟೆಯೆಂದೂ ಹೇಳುವವರುಂಟು. ಈ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ. ಪಕ್ಷಿಗಳಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದು ತಾಯಿಯ ಅಂಡಾಣು. ಅದರ ಸುತ್ತ ಚಿಪ್ಪು ಕಟ್ಟುವುದು ಆ ಬಳಿಕ. ಆದುದರಿಂದ ಚಿಪ್ಪಿನ ಆಕಾರವು ಒಳಗಿರುವ ಮರಿಯ ಲಿಂಗವನ್ನು ತಿಳಿಸಲಾರದು.

ಒಂದು ದಿನದ ಮರಿಯ ಲಿಂಗವನ್ನು ತಿಳಿಯುವ ಸರಿಯಾದ ಮಾರ್ಗಗಳು ಇಲ್ಲದಿಲ್ಲ. ಮರಿಯ ಗುದದ್ವಾರವನ್ನು ಪರೀಕ್ಷಿಸಿ ತಿಳಿಯುವ ವಿಧಾನವನ್ನು 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಎಂಬ ಪಂಡಿತರು ರೂಢಿಗೆ ತಂದರು. ಅದಕ್ಕೆ ದೀರ್ಘಕಾಲದ ಅಭ್ಯಾಸ ಬೇಕು. ಪಳಗದ ಕೈಯ ಒತ್ತಡಕ್ಕೆ ಎಳೆಯ ಮರಿಯು ಸಾಯಲೂಬಹುದು. ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆಗರಿಯ ಪ್ಲಿಮತ್ ರಾಕ್ ಹೇಟೆಯೊಡನೆ ಕೂಡಿಸಿದರೆ, ಗಂಡುಮರಿಯ ನೆತ್ತಿಯಲ್ಲಿ ಬಿಳಿಯ ಮಚ್ಚೆ ಕಾಣುವುದು, ಹೆಣ್ಣುಮರಿಗೆ ಅದಿಲ್ಲ. ಆದರೆ ಬಣ್ಣ ಬಣ್ಣದ ಬೆರಕೆಯಾದ ನಮ್ಮ ನಾಟಿಕೋಳಿಗಳಿಗೆ ಈ ಗುರುತನ್ನು ಅನ್ವಯಿಸಲಾಗದು.

ಹೀಗಿರುವಲ್ಲಿ ಬುಟ್ಟಿ ಹೊತ್ತು ಬಂದವನು ಎಲ್ಲವೂ ಹೇಟೆಗಳೆಂದು ಹೇಳಿದ ಮಾತನ್ನೇ ನಂಬಿ ಹಣ ಕೊಡುವುದು ಜಾಣತನವಲ್ಲ. ಮೊಟ್ಟೆಗಾಗಿ ಬೆಳೆಸಿದ ತಳಿಗಳ ಗಂಡುಮರಿಗಳು ಮರಿಮಾಡುವ ಕೇಂದ್ರಗಳಿಗೆ ಬೇಡವಾದವು. ಅವು ಅಗ್ಗವಾಗಿ ಸಂತೆಗೆ ಬರುವುದುಂಟು. ಮೊಟ್ಟೆಯ ಕಾಸಿನಿಂದ ಉಪ್ಪು ಎಣ್ಣೆ ಕೊಳ್ಳುವ ಬಡ ಗೃಹಿಣಿಗೆ ಇಂತಹ ಮೋಸವು ಸಣ್ಣ ನಷ್ಟವಲ್ಲ.

ಮರಿಯ ಸ್ವಭಾವದ ವಿಷಯದಲ್ಲಿಯೂ ಆತುರವೇ ತಪ್ಪಿಗೆ ಮೂಲ. ಮೊದಲ ವಾರದಲ್ಲಿ ಮಂಕಾಗಿ ನಿಂತ ಮರಿಯನ್ನು ಹುಟ್ಟು ಹೇಡಿಯೆಂದು ತಳ್ಳಿಬಿಡುವರು. ಅನೇಕ ವೇಳೆ ಅದಕ್ಕಾಗಿರುವುದು ಚಳಿ ಮಾತ್ರ. ತಾಯಿಯಿಲ್ಲದೆ ಸಾಕುವ ಮರಿಗಳಿಗೆ ಮೊದಲನೆಯ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ದೀಪದಡಿಯಲ್ಲಿ ಒತ್ತಿಕೊಂಡರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು. ಸಮನಾಗಿ ಹರಡಿಕೊಂಡರೆ ಸರಿಯಾಗಿದೆ. ದಿನವೂ ಮೃದುವಾಗಿ ಕೈಯಾಡಿಸಿದ ಮರಿಗಳು ಮನುಷ್ಯರಿಗೆ ಬೆದರುವುದು ಕಡಿಮೆ. ಸ್ವಭಾವದಲ್ಲಿ ಹುಟ್ಟಿನ ಪಾಲಿನಂತೆ ಸಾಕಣೆಯ ಪಾಲೂ ಉಂಟೆಂಬುದನ್ನು ಮರೆಯಬಾರದು.

ಆರರಿಂದ ಎಂಟು ವಾರಗಳು ಕಾದರೆ ಸಂದೇಹವು ಬಹುಮಟ್ಟಿಗೆ ತಾನಾಗಿ ಪರಿಹಾರವಾಗುವುದು. ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರುವುದು, ಕಾಲುಗಳು ದಪ್ಪವಾಗುವುವು. ಇನ್ನೂ ಕೆಲವು ವಾರಗಳಲ್ಲಿ ಕತ್ತಿನ ಮತ್ತು ಸೊಂಟದ ಗರಿಗಳು ಚೂಪಾಗುವುವು. ಯಾವುದು ಜಗಳಗಂಟಿ, ಯಾವುದು ಸಾಧು ಎಂಬುದೂ ಈ ಕಾಲದಲ್ಲಿಯೇ ತಿಳಿಯತೊಡಗುವುದು.

ಆರಿಸಿ ಗುರುತಿಡಬೇಕಾದ ಸಮಯವೂ ಇದೇ. ಆದರೆ ನಡೆಯುವುದೇನು? ಎಲ್ಲಕ್ಕಿಂತ ಬೇಗ ಬೆಳೆದ ಹುಂಜವು ಜಾತ್ರೆಯ ಅಡಿಗೆಗೆ ಮೊದಲು ಸಲ್ಲುವುದು. ಕತ್ತಿಯಿಂದ ತಪ್ಪಿಸಿಕೊಂಡ ಬಡಕಲು ಹುಂಜವು ಮುಂದಿನ ಪೀಳಿಗೆಗೆ ತಂದೆಯಾಗುವುದು. ವರ್ಷ ವರ್ಷವೂ ಹೀಗಾದರೆ ಊರಿನ ತಳಿ ಕ್ಷೀಣಿಸದಿರುವುದೆಂತು? ಬಿತ್ತನೆಯ ರಾಗಿಯನ್ನು ಬೇರೆಯಾಗಿ ತೆಗೆದಿಡುವ ರೈತನು ಕೋಳಿಯ ವಿಷಯದಲ್ಲಿ ಈ ವಿವೇಕವನ್ನು ಮರೆಯುವುದು ಶೋಚನೀಯ. ಚೆನ್ನಾಗಿ ಬೆಳೆದ, ಆದರೆ ಮನುಷ್ಯರ ಮೇಲೆ ಎರಗದ ಹುಂಜದ ಕಾಲಿಗೆ ಬಳೆ ತೊಡಿಸಿ ಉಳಿಸಿಕೊಳ್ಳಬೇಕು.

ಗ್ರಾಮದ ಮುಖಂಡರೂ ಭೂಮಾಲೀಕರೂ ಇದಕ್ಕೆ ಮೇಲ್ಪಂಕ್ತಿ ಹಾಕಿಕೊಡುವುದು ಉಚಿತ. ಊರಿಗೆ ಮರಿಗಳನ್ನು ಒಟ್ಟಾಗಿ ತರಿಸುವಾಗ ಲಿಂಗಪರೀಕ್ಷೆಯಾದವುಗಳೋ ಅಲ್ಲವೋ ಎಂಬುದನ್ನು ಬರಹದಲ್ಲಿ ಪಡೆಯಲಿ. ಸಾಧ್ಯವಾದರೆ ಆರು ವಾರ ಬೆಳೆದ ಮರಿಗಳನ್ನೇ ಕೊಳ್ಳಲಿ. ಯಾವ ಹುಂಜವನ್ನು ಉಳಿಸಬೇಕೆಂಬುದರಲ್ಲಿ ದಿನವೂ ನುಚ್ಚು ಹಾಕುವ ಹೆಂಗಸರ ಮಾತಿಗೆ ಮೊದಲ ಮನ್ನಣೆಯಿರಲಿ. ಹಿಂಡಿನ ಗುಣವನ್ನು ಅವರಷ್ಟು ಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಾರರು.