ಗುತ್ತಿಗೆಗೆ ಹೋದ ಚೌಕ ಕಲಿಸುವ ಪಾಠ

ನಗರಾಡಳಿತವು ತನ್ನ ಜನರನ್ನು ಎಷ್ಟು ಗೌರವಿಸುತ್ತದೆ ಎಂಬುದನ್ನು ಅಲ್ಲಿನ ಉದ್ಯಾನಗಳನ್ನು ನೋಡಿಯೇ ಬಹುಮಟ್ಟಿಗೆ ಹೇಳಬಹುದು. ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ಕರಾವಳಿ ನಗರವಾದ ಸವಾನಾಕ್ಕೆ ಭೇಟಿ ನೀಡಿದಾಗ ಈ ಮಾತು ನನಗೆ ಇನ್ನಷ್ಟು ಮನದಟ್ಟಾಯಿತು.

ಅಲ್ಲಿನ ಫೋರ್ಸಿತ್ ಉದ್ಯಾನದ ವಿಸ್ತೀರ್ಣ ಸುಮಾರು 30 ಎಕರೆ. 1858ರಲ್ಲಿ ಸ್ಥಾಪಿಸಿದ ಕಾರಂಜಿ ಇಂದಿಗೂ ಅದರ ಆಕರ್ಷಣೆ. ಓಕ್ ಮರಗಳ ನೆರಳಿನಲ್ಲಿ ವೃದ್ಧರು ಹರಟುತ್ತಿದ್ದರು, ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು, ವಿದ್ಯಾರ್ಥಿಗಳು ಚಿತ್ರ ಬರೆಯುತ್ತಿದ್ದರು. ಪ್ರವೇಶ ಶುಲ್ಕವಿಲ್ಲ, ಹುಲ್ಲು ತುಳಿದವರನ್ನು ಗದರಿಸುವ ಕಾವಲುಗಾರನ ಶಿಳ್ಳೆಯೂ ಇಲ್ಲ.

ಇದು ಆಕಸ್ಮಿಕವಲ್ಲ. 1733ರಲ್ಲಿ ಜೇಮ್ಸ್ ಓಗ್ಲ್‌ಥಾರ್ಪ್ ಈ ನಗರಕ್ಕೆ ಅಡಿಪಾಯ ಹಾಕಿದಾಗಲೇ ಪ್ರತಿ ಬಡಾವಣೆಯ ನಡುವೆ ಒಂದು ತೆರೆದ ಚೌಕವನ್ನು ಬಿಡುವ ಪದ್ಧತಿ ಆರಂಭವಾಯಿತು. ನಗರ ಬೆಳೆದಂತೆ ಚೌಕಗಳ ಸಂಖ್ಯೆ 24ಕ್ಕೆ ಏರಿತು. ಈಗ ಉಳಿದಿರುವುದು 22.

ಆದರೆ ಈ ನಗರವೂ ಎಡವಿದ್ದುಂಟು. 1954ರಲ್ಲಿ ಎಲಿಸ್ ಚೌಕದಲ್ಲಿದ್ದ ಹಳೆಯ ಮಾರುಕಟ್ಟೆಯನ್ನು ಕೆಡವಿ, ವಾಹನ ನಿಲುಗಡೆ ಕಟ್ಟಡಕ್ಕಾಗಿ ಆ ಜಾಗವನ್ನು 50 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಇದರಿಂದ ನೊಂದ ನಾಗರಿಕರು ಮರುವರ್ಷವೇ ನಗರದ ಪರಂಪರೆಯ ರಕ್ಷಣೆಗಾಗಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ಗುತ್ತಿಗೆ ಮುಗಿದ ಬಳಿಕ ಕಟ್ಟಡವನ್ನು ನೆಲಸಮ ಮಾಡಿ, ವಾಹನಗಳಿಗೆ ನೆಲದಡಿ ಜಾಗ ಕಲ್ಪಿಸಿ, 2010ರಲ್ಲಿ ಚೌಕವನ್ನು ಜನರಿಗೆ ಮರಳಿಸಲಾಯಿತು. ಈ ನಡುವೆ ಎರಡು ತಲೆಮಾರುಗಳು ಚೌಕವಿಲ್ಲದೆಯೇ ಬೆಳೆದಿದ್ದವು.

ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಪ್ರಸ್ತಾವಗಳ ಕಡತಗಳನ್ನು ನಾನೂ ನೋಡಿದ್ದೇನೆ. ಗುತ್ತಿಗೆಯಿಂದ ಬರುವ ಬಾಡಿಗೆಯನ್ನು ಅವುಗಳಲ್ಲಿ ಪೈಸೆ ಬಿಡದೆ ಲೆಕ್ಕ ಹಾಕಿರುತ್ತಾರೆ. ಕಡಿಯಬೇಕಾದ ಮರದ ನೆರಳು, ಇಂಗದೆ ಹರಿದುಹೋಗುವ ಮಳೆನೀರು, ಕೂರಲು ಬೇರೆ ತಾಣವಿಲ್ಲದ ಬಡವನ ಸಂಜೆ - ಇವುಗಳಿಗೆ ಮಾತ್ರ ಅಂಕಣವೇ ಇರುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದಕ್ಕೆ ಮೌಲ್ಯವೂ ಇಲ್ಲವೆಂದು ಭಾವಿಸುವುದು ಅರ್ಥಶಾಸ್ತ್ರವಲ್ಲ, ಅದರ ಅಪಕಲ್ಪನೆ.

ಬೆಂಗಳೂರಿಗೆ ಈ ಅನುಭವ ಹೊಸದಲ್ಲ. ಉದ್ಯಾನಗಳ ಸಂರಕ್ಷಣೆಗೆಂದು 1975ರಲ್ಲೇ ಕಾಯ್ದೆ ಬಂದಿದ್ದರೂ, 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ಅದರ ವ್ಯಾಪ್ತಿಯಿಂದ ಕೈಬಿಡಲು ಸರ್ಕಾರ ಮುಂದಾದಾಗ ನಾಗರಿಕರು ಬೀದಿಗಿಳಿಯಬೇಕಾಯಿತು. ಜನರ ಎಚ್ಚರವಿಲ್ಲದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ಉದ್ಯಾನದ ಒಂದು ಗುಂಟೆಯನ್ನೇ ಆಗಲಿ ಬೇರೆ ಉದ್ದೇಶಕ್ಕೆ ಕೊಡುವ ಮುನ್ನ, ಎಷ್ಟು ವರ್ಷಕ್ಕೆ, ಯಾರಿಗೆ, ಜನರು ಕಳೆದುಕೊಳ್ಳುವುದೇನು ಎಂಬ ವಿವರವನ್ನು ಪ್ರಕಟಿಸಿ ಸಾರ್ವಜನಿಕರ ಅಹವಾಲು ಆಲಿಸುವುದು ಕಡ್ಡಾಯವಾಗಬೇಕು. ಐವತ್ತು ವರ್ಷ ಕಾದು ಚೌಕವನ್ನು ಮರಳಿ ಪಡೆಯುವ ಅದೃಷ್ಟ ಎಲ್ಲ ನಗರಗಳಿಗೂ ಇರುವುದಿಲ್ಲ.