ಹೂಂಗುಟ್ಟೋರಿಲ್ಲದ ಕಥೆ

ಕಳೆದ ಭಾನುವಾರ ಮನೇಲಿ ಸಣ್ಣದೊಂದು ಅವಮಾನ ಆಯ್ತು. ಸಲ್ಮಾನ್ ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’ ಎಂಥ ಕಾದಂಬರಿ ಗೊತ್ತಾ ಅಂತ ಮದುವೆಯಾದಾಗಿನಿಂದ ಹೆಂಡತಿಯ ತಲೆ ತಿಂದಿದ್ದೆ. ‘ಅಷ್ಟು ದಪ್ಪ ಪುಸ್ತಕ ಯಾರು ಓದ್ತಾರೆ, ಸಿನಿಮಾ ಇದ್ರೆ ಹಾಕಿ’ ಅಂದಳು. ಹಾಕಿದೆ. ಮುಕ್ಕಾಲು ಗಂಟೆ ಸುಮ್ಮನೆ ನೋಡಿ ಕೇಳಿದಳು: ‘ಇವನು ಈ ಕಥೇನೆಲ್ಲ ಯಾರಿಗೆ ಹೇಳ್ತಿದಾನೆ?’

ನಾನು ತೆಪ್ಪಗಾದೆ. ಯಾಕೆಂದರೆ ಕಾದಂಬರಿಯಲ್ಲಿ ಅದಕ್ಕೆ ಉತ್ತರ ಇದೆ. ಪದ್ಮಾ! ಉಪ್ಪಿನಕಾಯಿ ಕಾರ್ಖಾನೆಯಲ್ಲಿ ದುಡಿಯುವ, ಓದು ಬರಹ ಬಾರದ ಗಟ್ಟಿಗಿತ್ತಿ. 1947ರ ಆಗಸ್ಟ್ 15ರ ನಡುರಾತ್ರಿ ಹುಟ್ಟಿದ ಸಲೀಂ ಸಿನಾಯ್ ರಾತ್ರಿಯೆಲ್ಲ ಕೂತು ಬರೆದದ್ದನ್ನು ಓದಿ ಹೇಳುವುದು ಅವಳಿಗೇ. ಅವನು ಅಜ್ಜನ ಕಾಲದಲ್ಲೇ ಸುತ್ತುತ್ತಿದ್ದರೆ ‘ನೀನು ಹುಟ್ಟೋದು ಯಾವಾಗ?’ ಅಂತ ರೇಗುತ್ತಾಳೆ. ಒಮ್ಮೆ ಮುನಿಸಿಕೊಂಡು ಹೊರಟೇ ಹೋಗುತ್ತಾಳೆ, ಆಗ ಇವನ ಕಥೆಯೇ ಹಳಿ ತಪ್ಪುತ್ತದೆ. ನಮ್ಮಜ್ಜಿ ಕಥೆ ಹೇಳುವಾಗ ‘ಹೂಂ’ ಅನ್ನದಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದರಲ್ಲ, ಹಾಗೆ.

2012ರ ಸಿನಿಮಾದಲ್ಲಿ ಪದ್ಮಾ ಇಲ್ಲವೇ ಇಲ್ಲ. ಅವಳ ಜಾಗದಲ್ಲಿ ಹಿನ್ನೆಲೆ ದನಿಯೊಂದಿದೆ, ಅದು ಸ್ವತಃ ರಶ್ದಿಯದು. ಚಿತ್ರಕಥೆಯೂ ಅವರದೇ. ‘ನಿರ್ದೇಶಕರು ಪುಸ್ತಕ ಹಾಳು ಮಾಡಿದ್ರು’ ಅಂತ ದೀಪಾ ಮೆಹ್ತಾರನ್ನು ಬೈಯೋಣ ಅಂದ್ರೆ ಅದಕ್ಕೂ ದಾರಿ ಇಲ್ಲ!

ಪುಸ್ತಕದ ಸಲೀಂ ಸುಳ್ಳುಗಾರ. ಗಾಂಧೀಜಿ ತೀರಿಕೊಂಡ ದಿನವನ್ನೇ ತಪ್ಪಾಗಿ ಬರೆದು, ಆಮೇಲೆ ಒಪ್ಪಿಕೊಂಡು, ತಿದ್ದದೆ ಬಿಡುತ್ತಾನೆ. ದೇಶದ ಇತಿಹಾಸವೆಲ್ಲ ತನ್ನಿಂದಲೇ ನಡೆಯಿತು ಅಂತ ಕೊಚ್ಚಿಕೊಳ್ಳುವ ಇಂಥವನನ್ನು ಅರ್ಧ ನಂಬಿ ಅರ್ಧ ನಗುತ್ತಾ ಓದಬೇಕು. ಸಿನಿಮಾದಲ್ಲಿ ಲೇಖಕರೇ ಗಂಭೀರವಾಗಿ ಹೇಳಿದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಅಜ್ಜ, ವಿಭಜನೆ, ಬಾಂಗ್ಲಾ ಯುದ್ಧ, ತುರ್ತು ಪರಿಸ್ಥಿತಿ, ಎಲ್ಲವೂ ಸುಮಾರು ಎರಡೂವರೆ ಗಂಟೆಯಲ್ಲಿ ಸ್ಟೇಷನ್‌ಗಳ ಹಾಗೆ ದಾಟಿ ಹೋಗುತ್ತವೆ. ಮಧ್ಯರಾತ್ರಿಯ ಮಕ್ಕಳು ಸಲೀಂನ ತಲೆಯೊಳಗೆ ಸಭೆ ಸೇರುವುದು ಓದುವಾಗ ಮೈ ಜುಂ ಅಂದಿತ್ತು. ಇಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕ.

ಹಾಗಂತ ಎಲ್ಲ ಕೆಟ್ಟದ್ದಲ್ಲ. ತಾಯಿ ಅಮೀನಾ ಆಗಿ ಶಹಾನಾ ಗೋಸ್ವಾಮಿ, ಮಗು ಬದಲಿಸಿದ ಪಾಪ ಹೊತ್ತು ತಿರುಗುವ ಮೇರಿಯಾಗಿ ಸೀಮಾ ಬಿಸ್ವಾಸ್, ಇಬ್ಬರಿಗಾಗಿ ಇನ್ನೊಮ್ಮೆ ನೋಡಬಹುದು.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಈ ಕಾದಂಬರಿಯ ಒಂದು ವಾಕ್ಯದ ಮೇಲೆ ಇಂದಿರಾ ಗಾಂಧಿ ಮೊಕದ್ದಮೆ ಹೂಡಿದ್ದರು, ಆ ವಾಕ್ಯ ಮುಂದಿನ ಮುದ್ರಣಗಳಿಂದ ಹೋಯಿತು. 1988ರ ‘ಸಟಾನಿಕ್ ವರ್ಸಸ್’ ಆದಮೇಲೆ ರಶ್ದಿ ಹೆಸರೇ ಬೆಂಕಿ. ಮುಂಬೈ ಕಥೆಯ ಚಿತ್ರೀಕರಣ ಶ್ರೀಲಂಕಾದಲ್ಲಿ ನಡೆಯಿತು, ಇರಾನಿನ ಆಕ್ಷೇಪದಿಂದ ಅಲ್ಲೂ ಸ್ವಲ್ಪ ದಿನ ನಿಂತಿತ್ತು. ಇಷ್ಟೆಲ್ಲ ದಾಟಿ ಬಂದ ಸಿನಿಮಾ ಯಾರನ್ನೂ ಕೆಣಕದಷ್ಟು ಸಪ್ಪೆಯಾಗಿರುವುದಾ? ಪುಸ್ತಕದ ಅಧ್ಯಾಯಗಳೆಲ್ಲ ಉಪ್ಪಿನಕಾಯಿ ಭರಣಿಗಳು. ಸಿನಿಮಾಕ್ಕೆ ಬಂದದ್ದು ಮೇಲಿನ ಎಣ್ಣೆ ಮಾತ್ರ.

ಮೊನ್ನೆ ಕಪಾಟಿನಿಂದ ಪುಸ್ತಕ ಇಳಿಸಿ ಅವಳ ದಿಂಬಿನ ಪಕ್ಕ ಇಟ್ಟೆ. ‘ಓದ್ತೀನಿ. ಆದ್ರೆ ಪುಟ ಪುಟಕ್ಕೂ ಬಂದು ಮುಂದೇನಾಗುತ್ತೆ ಅಂತ ಹೇಳಬಾರ್ದು’ ಅಂದಳು. ಸದ್ಯ ಹನ್ನೆರಡನೇ ಪುಟ. ನಾನು ಬಾಯಿ ಬಿಟ್ಟಿಲ್ಲ.